ಉಪವಾಸದಲ್ಲಿ ಕೊಬ್ಬಿದ ಅಜ್ಜಿ

ಹೆಣ್ಣುಮಗುವಿಗೆ ಕೊಡುತ್ತಿದ್ದ ವಿಟಮಿನ್ ಮಾತ್ರೆಯನ್ನು ನಿಲ್ಲಿಸಿದರು. ಮಗು ಸತ್ತಿತು. ಕಳೆದ ವಾರ ಅದರ ತಮ್ಮನಿಗೂ ಅದೇ ಮಾತ್ರೆಯನ್ನು ನಿಲ್ಲಿಸಿದರು.

"ಹುಬ್ಬು ಬಂದಿತ್ತು ಅಕ್ಕಾ," ಎಂದಳು ತಾಯಿ.

ಮಕ್ಕಳ ತೀವ್ರನಿಗಾ ವಾರ್ಡಿನ ಗಾಜಿಗೆ ಅವಳು ಹಣೆ ಆನಿಸಿ ನಿಂತಿದ್ದಳು. ಗಾಜಿನ ಆಚೆ ಗಂಡುಮಗು. ಮೂಗಿನಲ್ಲಿ ನಳಿಕೆ, ಅಂಗೈಯಷ್ಟಿದ್ದ ತೋಳಿನಲ್ಲಿ ಸೂಜಿ. ಎಲ್ಲಿಂದಲೋ ಓಡಿ ಬಂದವನ ಹಾಗೆ ಏದುಸಿರು ಬಿಡುತ್ತಿತ್ತು, ಇನ್ನೂ ಮಗ್ಗುಲು ಹೊರಳದ ಮಗು.

"ಯಾರಿಗೆ ಬಂದಿತ್ತು?" ಎಂದಳು ಜಿಗಣೆ.

ಜಿಗಣೆ ಆರೋಗ್ಯ ಇಲಾಖೆಯ ದೂರು ವಿಭಾಗದ ತನಿಖಾಧಿಕಾರಿ. ಕಚೇರಿಯಲ್ಲಿ ಬೆನ್ನ ಹಿಂದೆ ಇಟ್ಟ ಹೆಸರು ಅದು. ಅವಳಿಗೆ ಗೊತ್ತಿತ್ತು, ಬೇಸರವಿರಲಿಲ್ಲ. ಎದುರಿಗೆ 'ಮೇಡಂ' ಅಂದರೆ ಸಾಕಿತ್ತು.

"ನನ್ನ ಮಗಳಿಗೆ. ತಲೆಗೂದಲೆಲ್ಲ ಉದುರಿ ಹೋಗಿತ್ತು. ಬಾಯಿ ಸುತ್ತ ಚರ್ಮ ಸುಲಿದು ಕೆಂಪಗೆ. ಮಾತ್ರೆ ಶುರು ಮಾಡಿದ್ಮೇಲೆ ಹುಬ್ಬು ಮೊಳೀತು. ದಿನಾ ಬೆರಳಿಟ್ಟು ನೋಡ್ತಿದ್ದೆ, ಸಣ್ಣಗೆ ಚುಚ್ಚೋದು. ಡಾಕ್ಟ್ರಿಗೆ ಹೇಳ್ದೆ. 'ತಾಯಿ ಕಣ್ಣಿಗೆ ಹಾಗೇ ಕಾಣುತ್ತಮ್ಮ, ಈ ಕಾಯಿಲೆ ಮಾತ್ರೆಗೆ ಬಗ್ಗಲ್ಲ ಅಂತ ಪರೀಕ್ಷೇಲಿ ಬಂದಿದೆ' ಅಂದ್ರು." ಅವಳು ಗಾಜಿನಿಂದ ಹಣೆ ತೆಗೆದಳು. "ಕಣ್ಣು ಸುಳ್ಳು ಹೇಳ್ಬಹುದು ಅಕ್ಕಾ. ಬೆರಳೂ ಹೇಳುತ್ತಾ?"

ಅವಳ ಮುಷ್ಟಿಯಲ್ಲಿ ಮಾತ್ರೆಯ ಪಟ್ಟಿ ಇತ್ತು. ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯದು. ಮೇಲೆ ಸೊಂಟದವರೆಗೆ ಕೂದಲು ಬಿಟ್ಟ ಹುಡುಗಿಯ ಚಿತ್ರ.

"ನಿಲ್ಲಿಸಿದ ವಿಟಮಿನ್, ಬಯೋಟಿನ್ ಅಂದ್ರೆ ಇದೇ ತಾನೇ? ಕೂದಲು ದಟ್ಟ ಆಗುತ್ತೆ ಅಂತ ಯಾರಿಗೆ ಬೇಕಾದ್ರೂ ಮಾರ್ತಾರೆ. ನನ್ನ ಮಗನಿಗೆ ಮಾತ್ರ ಕೊಡಂಗಿಲ್ಲ."

ಜಿಗಣೆ ವಾರ್ಡಿನ ಡಾಕ್ಟರನ್ನು ಬಾಗಿಲಲ್ಲೇ ಹಿಡಿದಳು. "ಮಾತ್ರೆ ಮತ್ತೆ ಶುರು ಮಾಡಿ."

"ನನ್ನ ಕೈಲಿಲ್ಲ ಮೇಡಂ. ಮಗೂನ ಹೊಸ ಔಷಧಿಯ ಪ್ರಯೋಗಕ್ಕೆ ಸೇರಿಸಿದ್ದಾರೆ. ಮಾತ್ರೆಗೆ ಬಗ್ಗದ ಮಕ್ಕಳಿಗೆ ಮಾತ್ರ ಆ ಔಷಧಿ. ಅದು ಶುರು ಆಗೋಕೆ ಮೊದ್ಲು ಮೈಯಿಂದ ಮಾತ್ರೆ ಪೂರ್ತಿ ಇಳೀಬೇಕು."

"ಇಳೀತಾ ಇರೋದು ಮಾತ್ರೆನೋ ಮಗೂನೋ?"

ಡಾಕ್ಟರ್ ನೆಲ ನೋಡಿದ. "ರಕ್ತದಲ್ಲಿ ಆಮ್ಲ ಏರ್ತಿದೆ. ಅಕ್ಕನ ದಾರೀಲೇ ಹೋಗ್ತಿದೆ. ಪ್ರಯೋಗದಿಂದ ತೆಗೀಬೇಕಂದ್ರೆ ಕೆಳಗಿನ ಪ್ರಯೋಗಾಲಯದ ಮುಖ್ಯಸ್ಥರೇ ಹೇಳ್ಬೇಕು. ಅವರ ಬಾಯಿಂದ ಒಂದು ಮಾತು ತನ್ನಿ, ಆ ಕ್ಷಣ ನಳಿಕೇಲಿ ಬಿಡ್ತೀನಿ."

"ನಿಮ್ಮ ಮನಸ್ಸು ಏನನ್ನುತ್ತೆ?"

"ಮನಸ್ಸಿಗೆ ಇಲ್ಲಿ ಸಂಬಳ ಕೊಡಲ್ಲ ಮೇಡಂ."

ಜಿಗಣೆ ಮೆಟ್ಟಿಲಿಳಿದಳು.

*

ಪ್ರಯೋಗಾಲಯದ ಒಳಕೋಣೆ ಬೆಚ್ಚಗಿತ್ತು. ಗೋಡೆಗಂಟಿ ನಿಂತ ಉಕ್ಕಿನ ಕಪಾಟಿನಿಂದ ಸಣ್ಣ ಗುಂಯ್ ಸದ್ದು. ದೇಹದ ಶಾಖವನ್ನೇ ಇಟ್ಟುಕೊಂಡ ಕಪಾಟು. ಅದರೊಳಗೆ ಚಪ್ಪಟೆ ಫ್ಲಾಸ್ಕುಗಳಲ್ಲಿ ಕೆಂಬಣ್ಣದ ದ್ರವ, ದ್ರವದ ತಳದಲ್ಲಿ ಮಕ್ಕಳ ಚರ್ಮದ ಜೀವಕೋಶಗಳು.

ಅವನ್ನು ಬೆಳೆಸುವವಳು ಸಾಕಮ್ಮ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಡಾಕ್ಟರೇಟ್ ಮಾಡಿಕೊಂಡು ಬಂದ ವಿಜ್ಞಾನಿಗೆ ಜೊತೆಯವರು ಅಂಟಿಸಿದ್ದು. ಯಾರ್ಯಾರದೋ ಮಕ್ಕಳ ಚೂರುಗಳನ್ನು ಸಾಕುವವಳಲ್ಲವೇ. ಅವಳಿಗೂ ಒಳಗೊಳಗೇ ಇಷ್ಟವಿತ್ತು.

"ನಂಗೆ ದಡ್ಡಿಗೆ ಹೇಳೋ ಹಾಗೆ ಹೇಳಿ," ಎಂದಳು ಜಿಗಣೆ. "ಮಾತ್ರೆಗೆ ಬಗ್ಗಲ್ಲ ಅಂತ ಹೇಗೆ ಗೊತ್ತಾಯ್ತು?"

"ಮಗು ತೋಳಿಂದ ಅಕ್ಕಿಕಾಳಷ್ಟು ಚರ್ಮ ತೆಗೀತಾರೆ. ನಾನು ಅದನ್ನ ಬೆಳೆಸ್ತೀನಿ. ಬೆಳೆದ್ಮೇಲೆ ಎರಡು ಪಾಲು ಮಾಡ್ತೀನಿ. ಒಂದಕ್ಕೆ ಬಯೋಟಿನ್ ಹಾಕಿದ ಊಟ. ಇನ್ನೊಂದಕ್ಕೆ ಉಪವಾಸ."

"ಉಪವಾಸ?"

"ಎಲ್ಲ ಇರುತ್ತೆ, ಬಯೋಟಿನ್ ಒಂದಿರಲ್ಲ. ಆಮೇಲೆ ಎರಡರಲ್ಲೂ ಈ ಕಾಯಿಲೇಲಿ ಕೆಡೋ ಕಿಣ್ವ ಎಷ್ಟು ಕೆಲಸ ಮಾಡ್ತಿದೆ ಅಂತ ಅಳೀತೀವಿ. ಉಂಡ ಪಾಲು ಎದ್ದು, ಉಪವಾಸದ ಪಾಲು ಮಲಗಿದ್ರೆ ಆ ಮಗೂಗೆ ಮಾತ್ರೆ ಹತ್ತುತ್ತೆ ಅಂತ. ಎರಡೂ ಒಂದೇ ಥರ ಇದ್ರೆ ಹತ್ತಲ್ಲ ಅಂತ."

"ಅಕ್ಕ ತಮ್ಮ ಇಬ್ಬರದ್ದೂ?"

"ಒಂದೇ ಥರ ಇತ್ತು. ಎರಡು ಪಾಲೂ."

ಜಿಗಣೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಒಂದೇ ಥರ ಅಂದ್ರೆ ಹೇಗೆ? ಎರಡೂ ಮಲಗಿದ್ವಾ, ಎರಡೂ ಎದ್ದಿದ್ವಾ?"

ಸಾಕಮ್ಮನ ಕೈಗವಸಿನ ಬೆರಳುಗಳು ಗಾಳಿಯಲ್ಲೇ ನಿಂತವು. ಇಷ್ಟು ದಿನ ಯಾರೂ ಕೇಳದ ಪ್ರಶ್ನೆ. ವ್ಯತ್ಯಾಸ ಇದೆಯೇ ಇಲ್ಲವೇ ಎಂದಷ್ಟೇ ಎಲ್ಲರೂ ಕೇಳಿದ್ದರು.

"ಎದ್ದಿದ್ವು," ಎಂದಳು ಮೆಲ್ಲಗೆ.

"ಕಾಯಿಲೆ ಮಗುವಿನ ಕಿಣ್ವ. ಮಾತ್ರೆ ಹತ್ತಲ್ಲ. ಆದ್ರೂ ಎದ್ದು ಕೂತಿದೆ. ಯಾವ ಖುಷಿಗೆ?"

ಸಾಕಮ್ಮ ಕಪಾಟಿನತ್ತ ತಿರುಗಿದಳು. ಜಿಗಣೆ ಬಿಡಲಿಲ್ಲ. "ಉಪವಾಸದ ಊಟದಲ್ಲಿ ಬಯೋಟಿನ್ ನುಸುಳೋಕೆ ಎಲ್ಲಿ ಜಾಗ ಇದೆ?"

"ಸೀರಮ್. ಕರುವಿನ ರಕ್ತದ ತಿಳಿ. ಅದಿಲ್ದೆ ಕೋಶ ಬೆಳೆಯಲ್ಲ. ಆದ್ರೆ ಕರು ಮೈಯಲ್ಲೂ ಬಯೋಟಿನ್ ಇರುತ್ತಲ್ಲ. ಅದಕ್ಕೇ ತಿಳೀನ ತೆಳು ಪೊರೆಯ ಚೀಲದಲ್ಲಿ ತುಂಬಿ, ಬಾಯಿ ಕಟ್ಟಿ, ತಣ್ಣನೆ ಕೋಣೇಲಿ ಉಪ್ಪುನೀರಲ್ಲಿ ಬಿಡ್ಬೇಕು. ಸಣ್ಣದೆಲ್ಲ ಪೊರೆಯಿಂದ ಹೊರಗೆ ಜಾರುತ್ತೆ, ದೊಡ್ಡದು ಒಳಗೇ ಉಳಿಯುತ್ತೆ."

"ಆ ಪೊರೆ ತೋರಿಸಿ."

ಸಾಕಮ್ಮ ತೋರಿಸಿದ ಡ್ರಾಯರನ್ನು ಜಿಗಣೆಯೇ ಎಳೆದಳು. ಪೊರೆಯ ಸುರುಳಿ ಮೂಲೆಯಲ್ಲಿ ಕೂತಿತ್ತು, ತಯಾರಕರು ಅಂಟಿಸಿದ ಪಟ್ಟಿ ಹರಿಯದೆ. ಚೀಲದ ಬಾಯಿ ಕಟ್ಟುವ ಕ್ಲಿಪ್ಪುಗಳ ಮೇಲೆ ಬೆರಳಾಡಿಸಿದರೆ ಧೂಳು.

ಒಂದು ಗೇಣು ಪೊರೆಯನ್ನೂ ಯಾರೂ ಕತ್ತರಿಸಿರಲಿಲ್ಲ.

"ಅದನ್ನ ಕೈಲಿ ಹಿಡ್ಕೊಂಡು ಒಂದು ಫೋಟೋ ತೆಗೆಸ್ಕೊಳ್ಳಿ ಮೇಡಂ. ಚೆನ್ನಾಗಿ ಬರುತ್ತೆ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

*

ಬಾಗಿಲಲ್ಲಿ ಮುಖ್ಯಸ್ಥರು ನಿಂತಿದ್ದರು. ಮೃದುವಾದ ದನಿ, ಇಸ್ತ್ರಿ ಮಾಡಿದ ಬಿಳಿ ಕೋಟು. ವಾರ್ಡಿಗೆ ಹೋದಾಗ ಮಕ್ಕಳಿಗೆ ಕೊಡಲೆಂದು ಜೇಬಿನಲ್ಲಿ ಮಿಠಾಯಿ ಇಟ್ಟುಕೊಳ್ಳುವ ಮನುಷ್ಯ. ಯಾರಿಗೂ ಅವರನ್ನು ಕಂಡರೆ ಭಯವಿರಲಿಲ್ಲ. ಭಯ ಹುಟ್ಟಿಸದವರ ಮಾತನ್ನು ಯಾರೂ ಎರಡನೇ ಸಲ ತೂಗಿ ನೋಡುವುದಿಲ್ಲ.

"ಪೊರೆ ಒಡೆದೇ ಇಲ್ಲ ಡಾಕ್ಟ್ರೇ," ಎಂದಳು ಜಿಗಣೆ.

"ಯಾಕೆ ಒಡೀಬೇಕು? ಸೋಸಿದ ಸೀರಮ್ಮೇ ಹೊರಗಿಂದ ತರಿಸ್ತೀವಿ. ಮನೇಲೇ ಹಿಟ್ಟು ಬೀಸೋ ಕಾಲ ಹೋಯ್ತು. ಬೇಕಾದ್ರೆ ಇವರನ್ನೇ ಕೇಳಿ."

ಜಿಗಣೆ ನೋಡಿದಳು. ಸಾಕಮ್ಮ ಹೌದೆಂದು ತಲೆಯಾಡಿಸಿದಳು. "ಹೋದ ವರ್ಷದಿಂದ. ಬಾಟಲಿ ಮೇಲೆ ಸೋಸಿದ್ದು ಅಂತಾನೇ ಇತ್ತು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜಿಗಣೆ ಸುರುಳಿಯನ್ನು ಮೇಜಿನ ಮೇಲಿಟ್ಟಳು.

"ಆ ಬಾಟಲಿಗಳೆಲ್ಲಿ?"

"ಮುಗಿದ್ವು. ಉಳಿದಿದ್ದು ಹಳೇದಾಯ್ತು, ಚರಂಡಿಗೆ ಹೋಯ್ತು. ಖಾಲಿ ಬಾಟಲಿಗೆ ಪೂಜೆ ಮಾಡೋ ಅಭ್ಯಾಸ ನಮ್ಮಲ್ಲಿಲ್ಲ."

"ಯಾವಾಗ ಹೋಯ್ತು ಚರಂಡಿಗೆ? ದೂರು ಬರೋಕೆ ಮುಂಚೆಯೋ, ಆಮೇಲೋ?"

ಮುಖ್ಯಸ್ಥರು ನಕ್ಕರು. "ಮೇಡಂ, ನಿಮ್ಮ ಅನುಮಾನ ತಪ್ಪು ಅಂತ ನಾನು ಹೇಳಲ್ಲ. ಉಪವಾಸದ ಪಾಲಿಗೂ ಬಯೋಟಿನ್ ಬಿದ್ದಿರಬಹುದು. ಆದ್ರೆ ಬಡಿಸಿದ ಕೈ ಯಾರದ್ದು?" ಅವರು ಸಾಕಮ್ಮನ ಕಡೆ ನೋಡಲೂ ಇಲ್ಲ. "ನಾನು ಎರಡು ವರ್ಷದಿಂದ ಒಂದು ಫ್ಲಾಸ್ಕ್ ಮುಟ್ಟಿಲ್ಲ. ಅಂಕಿ ಬರುತ್ತೆ, ಸಹಿ ಹಾಕ್ತೀನಿ. ಪಾಪ, ಮನುಷ್ಯರು. ತಪ್ಪಾಗುತ್ತೆ."

ಸಾಕಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಸಾರ್, ನಾನು..."

"ಯಾರೂ ನಿನ್ನ ಬಯ್ತಾ ಇಲ್ಲಮ್ಮ."

ಎಷ್ಟು ಒಳ್ಳೆಯ ದನಿಯಲ್ಲಿ ಹಗ್ಗ ಹೊಸೆಯುತ್ತಿದ್ದರು ಎಂದರೆ, ಕುತ್ತಿಗೆ ಕೊಟ್ಟವಳು ಕೃತಜ್ಞಳಾಗಬೇಕು.

ಜಿಗಣೆ ಕೋಣೆಯಲ್ಲಿ ಒಂದು ಸುತ್ತು ಹಾಕಿದಳು. ಕಪಾಟು, ಸೂಕ್ಷ್ಮದರ್ಶಕ, ಬ್ಲೀಚಿನ ಡಬ್ಬ, ಗೋಡೆಯ ಫೋನು. ಮೇಲಿನ ಮಹಡಿಯಲ್ಲಿ ಆಮ್ಲ ಏರುತ್ತಿತ್ತು. ಇಲ್ಲಿ ಗೆದ್ದು ಆಗಬೇಕಾದ್ದೇನೂ ಇರಲಿಲ್ಲ. ಈ ಬಾಯಿಂದ ಒಂದು ಮಾತು ಬೇಕಿತ್ತು, ಅಷ್ಟೇ.

"ಒಂದು ವಿಷಯ ಕೇಳ್ತೀನಿ," ಎಂದಳು, ಸಾಕಮ್ಮನ ಕಡೆ ತಿರುಗಿ. "ಅಡುಗೆ ಮಾಡಿದೋರು ಬಡಿಸೋಕೆ ಮುಂಚೆ ನಾಲಿಗೆ ಮೇಲೆ ಹಾಕ್ಕೊಂಡು ನೋಡ್ತಾರೆ. ನಿಮ್ಮ ಈ ಉಪವಾಸದ ಊಟದ ರುಚಿ ನೋಡೋರು ಯಾರು?"

"ಅಜ್ಜಿ," ಎಂದುಬಿಟ್ಟಳು ಸಾಕಮ್ಮ.

ಮುಖ್ಯಸ್ಥರ ಕೈ ಮಿಠಾಯಿಯ ಜೇಬಿನೊಳಗೆ ಹೋಗಿ ಅಲ್ಲೇ ನಿಂತಿತು.

"ಯಾವ ಅಜ್ಜಿ?"

"ಮನುಷ್ಯರಲ್ಲ ಮೇಡಂ. ಕೋಶಗಳು. ತುಂಬಾ ಹಿಂದೆ ಇದೇ ಕಾಯಿಲೆಯ ಒಂದು ಮಗು ಬಯೋಟಿನ್‌ನಿಂದ ಬದುಕ್ಕೊಂಡಿತ್ತು. ಅದರ ಕೋಶಗಳನ್ನ ಇಲ್ಲಿ ಇಟ್ಕೊಂಡಿದ್ದೀವಿ. ಈ ಮನೆಗೆ ಹಿರಿಯಳು, ಅದಕ್ಕೇ ಅಜ್ಜಿ ಅಂತೀವಿ. ಬಯೋಟಿನ್ ಇಲ್ದಿದ್ರೆ ಅಜ್ಜಿ ಖಂಡಿತ ಮಲಗ್ತಾಳೆ. ಪ್ರತಿ ಪರೀಕ್ಷೇಲೂ ಅವಳನ್ನೂ ಪಕ್ಕದಲ್ಲಿ ಉಪವಾಸ ಕೂರಿಸ್ತೀವಿ. ಅಜ್ಜಿ ಮಲಗಿದ್ರೆ ಉಪವಾಸ ನಿಜ."

"ಮಲಗದಿದ್ರೆ?"

"ಪರೀಕ್ಷೆ ಸುಳ್ಳು. ಎಲ್ಲ ಮತ್ತೆ ಮೊದಲಿಂದ."

"ಈ ಅಕ್ಕ ತಮ್ಮನ ಸಲ ಅಜ್ಜಿ ಏನು ಮಾಡಿದ್ಳು?"

"ಅಜ್ಜಿಗೆ ಸೋಂಕು ತಗುಲಿತ್ತು," ಎಂದರು ಮುಖ್ಯಸ್ಥರು. "ಲೆಕ್ಕಕ್ಕೆ ತಗೊಳ್ಳಲಿಲ್ಲ. ಬಿಸಾಡಿಸಿದ್ವಿ."

"ನಾನು ಕೇಳಿದ್ದು ಇವರನ್ನ."

ಸಾಕಮ್ಮ ಕೈಗವಸನ್ನು ಎಳೆದು ಸರಿಮಾಡಿಕೊಂಡಳು, ಮತ್ತೆ ಎಳೆದಳು. ಆಮೇಲೆ ಕಪಾಟಿನ ಬಾಗಿಲು ತೆರೆದು, ಕೆಳಗಿನ ಖಾನೆಯ ಹಿಂದಿನವರೆಗೆ ಕೈ ಚಾಚಿ, ಎಲ್ಲದರ ಮರೆಯಲ್ಲಿದ್ದ ಒಂದು ಫ್ಲಾಸ್ಕನ್ನು ತೆಗೆದಳು.

"ಬಿಸಾಡು ಅಂದಿದ್ರಿ ಸಾರ್. ಆಗಲಿಲ್ಲ. ಇಷ್ಟು ವರ್ಷ ಸಾಕಿದ್ದು. ಊಟ ಹಾಕ್ತಾನೇ ಇದ್ದೆ. ಅದೇ ಉಪವಾಸದ ಊಟ, ಸ್ವಲ್ಪ ಎತ್ತಿಟ್ಕೊಂಡಿದ್ದೆ. ಮೊನ್ನೆ ಹಾಕಿದ್ದು ಕೊನೇದು."

ಫ್ಲಾಸ್ಕು ಸೂಕ್ಷ್ಮದರ್ಶಕದ ಕೆಳಗೆ ಹೋಯಿತು. ಜಿಗಣೆ ಕಣ್ಣಿಟ್ಟಳು. ಮೊದಲು ಬರೀ ಬೆಳಕು. ಸಾಕಮ್ಮ ಪಕ್ಕದಿಂದ ಗುಂಡಿ ತಿರುಗಿಸಿದಾಗ ಮೂಡಿದವು: ಉದ್ದುದ್ದ ತೆಳ್ಳನೆಯ ಜೀವಗಳು, ಒಂದಕ್ಕೊಂದು ಮೈತಾಗಿಸಿ, ಹೊಳೆಯಲ್ಲಿ ಒಂದೇ ದಿಕ್ಕಿಗೆ ಹೊರಟ ಮೀನುಮರಿಗಳ ಹಾಗೆ. ಎಲ್ಲೂ ಖಾಲಿ ಜಾಗವಿರಲಿಲ್ಲ.

"ಮಲಗಿರೋದು ಅಂದ್ರೆ ಹೀಗಿರುತ್ತಾ?"

"ಇಲ್ಲ ಮೇಡಂ. ಮಲಗಿದ್ರೆ ತಳ ಬಿಟ್ಟು ದುಂಡಗಾಗಿ ತೇಲ್ತಿರುತ್ವೆ."

"ಅಂದ್ರೆ ನಿಮ್ಮ ಅಜ್ಜಿ ಉಪವಾಸದಲ್ಲಿ ಕೊಬ್ಬಿದ್ದಾಳೆ."

"ಹೂಂ," ಎಂದಳು ಸಾಕಮ್ಮ. "ಹುಡುಗಿ ಪರೀಕ್ಷೇಲೇ ನೋಡಿದ್ದೆ. ಓಡಿಹೋಗಿ ಸಾರ್‌ಗೆ ತೋರಿಸ್ದೆ. 'ನೋಡಿ ಸಾರ್, ಅಜ್ಜಿ ಎಷ್ಟು ಚೆನ್ನಾಗಿದ್ದಾಳೆ' ಅಂತ. ಸಾರ್ ನಕ್ಕು, 'ನಿನ್ನ ಕೈಗುಣ ಕಣಮ್ಮ' ಅಂದ್ರು."

"ನೀವು?"

"ಹಿಗ್ಗಿದೆ."

ಸಾಕಮ್ಮ ಫ್ಲಾಸ್ಕಿನ ಮುಚ್ಚಳದ ಮೇಲೆ ಬೆರಳಿಟ್ಟಳು.

"ಕೋಶ ಸಾಕೋರಿಗೆ ಅದೊಂದೇ ಕೆಟ್ಟ ಚಟ ಮೇಡಂ. ಹುಲುಸಾಗಿ ಬೆಳೆದ್ರೆ ನಮ್ಮ ಕೈ ಚೆನ್ನಾಗಿದೆ ಅನ್ಸುತ್ತೆ. ಸಾಯಬೇಕಾದ್ದು ಬದುಕಿದ್ರೂ ಅನುಮಾನ ಬರಲ್ಲ, ಸಂತೋಷ ಬರುತ್ತೆ. ಹುಡುಗಿಯ ಉಪವಾಸದ ಪಾಲೂ ತುಂಬಿಕೊಂಡಿತ್ತು. ಅದಕ್ಕೂ ಹಿಗ್ಗಿದೆ. ಅವಳು ಸತ್ತಿದ್ದು ಆಮೇಲೆ ಗೊತ್ತಾಯ್ತು."

*

ಜಿಗಣೆ ಮುಖ್ಯಸ್ಥರ ಎದುರಿಗೆ ಹೋಗಿ ನಿಂತಳು.

"ಸೋಸಿದ್ದು ಅಂತ ಸೋಸದ್ದನ್ನ ಕಳಿಸಿದ್ರು. ನಿಮಗೆ ಗೊತ್ತಿರಲಿಲ್ಲ. ಅಲ್ಲಿವರೆಗೆ ತಪ್ಪು. ಒಪ್ತೀನಿ. ಅಜ್ಜಿ ಎದ್ದು ಕೂತಿದ್ದನ್ನ ಇವರು ತೋರಿಸಿದ ಗಳಿಗೇಲಿ ನಿಮಗೆ ಗೊತ್ತಾಯ್ತು. ಆಗ ಹುಡುಗಿ ಬದುಕಿದ್ಳು. ಹುಬ್ಬು ಮೊಳೀತಿತ್ತು."

ಮುಖ್ಯಸ್ಥರು ನಿರಾಕರಿಸುತ್ತಾರೆಂದು ಜಿಗಣೆ ಕಾದಿದ್ದಳು. ಅವರು ನಿರಾಕರಿಸಲಿಲ್ಲ.

"ಮಾತ್ರೆಗೆ ಬಗ್ಗದ ಮಕ್ಕಳಿದ್ದಾರೆ ಮೇಡಂ. ನಿಜವಾಗಲೂ ಇದ್ದಾರೆ. ಅವರಿಗೆ ಈ ಭೂಮಿ ಮೇಲೆ ಏನೂ ಇಲ್ಲ, ಆ ಹೊಸ ಔಷಧಿ ಬಿಟ್ಟು. ಸಾಕಷ್ಟು ಮಕ್ಕಳು ಸೇರದಿದ್ರೆ ಪ್ರಯೋಗ ನಿಂತುಹೋಗ್ತಿತ್ತು."

"ಅದಕ್ಕೆ ಬಗ್ಗೋ ಮಕ್ಕಳನ್ನೂ ಬಗ್ಗದವರ ಸಾಲಲ್ಲಿ ನಿಲ್ಲಿಸಿದ್ರಿ."

"ಔಷಧಿ ಅವರಿಗೂ ಕೆಲಸ ಮಾಡುತ್ತೆ ಅಂತ ನಂಬಿದ್ದೆ."

"ಹುಡುಗಿಗೆ ಔಷಧಿ ಕೊಡೋ ದಿನ ಬಂತಾ?"

ಬಂದಿರಲಿಲ್ಲ. ಮಾತ್ರೆ ಮೈಯಿಂದ ಇಳಿಯಲೆಂದು ಕಾಯುತ್ತಿರುವಾಗಲೇ ಅವಳು ಹೋಗಿದ್ದಳು. ಅದು ಇಬ್ಬರಿಗೂ ಗೊತ್ತಿತ್ತು.

"ವಾರ್ಡಿಗೆ ಫೋನ್ ಮಾಡಿ," ಎಂದಳು ಜಿಗಣೆ. "ಮಾತ್ರೆ ಶುರು ಮಾಡೋಕೆ ಹೇಳಿ. ಉಳಿದದ್ದು ಆಮೇಲೆ ನೋಡೋಣ."

"ಮಾಡ್ತೀನಿ."

ಅವರು ಗೋಡೆಯ ಫೋನು ಎತ್ತಿಕೊಂಡರು. ಗುಂಡಿ ಒತ್ತಿದರು. "ವಾರ್ಡಾ? ಡಾಕ್ಟರನ್ನ ಕರೀರಿ... ಒಂದ್ನಿಮಿಷ ಇರಿ, ಲೈನ್‌ನಲ್ಲೇ ಇರಿ." ಅಂಗೈಯಿಂದ ಫೋನಿನ ಬಾಯಿ ಮುಚ್ಚಿದರು. ದನಿ ಈಗಲೂ ಮೃದುವಾಗಿಯೇ ಇತ್ತು.

"ಆ ಫ್ಲಾಸ್ಕಿಗೆ ಬ್ಲೀಚ್ ಸುರೀರಿ. ಸುರಿದ ಮರುಗಳಿಗೆ ಹೇಳ್ತೀನಿ."

ಜಿಗಣೆಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು.

"ಬಾಟಲಿಗಳಿಲ್ಲ. ಆ ಊಟ ಇನ್ನೆಲ್ಲೂ ಇಲ್ಲ, ಈ ಫ್ಲಾಸ್ಕಲ್ಲಿ ಬಿಟ್ರೆ," ಎಂದರು ಅವರು. "ಇದು ಹೋದ್ರೆ ನಿಮ್ಮ ಹತ್ರ ಇರೋದು ಬರೀ ಮಾತು. ಸೂಕ್ಷ್ಮದರ್ಶಕದಲ್ಲಿ ಏನು ಕಂಡಿತು ಅಂತ ನಾಲ್ಕು ಜನರ ಮುಂದೆ ಹೇಳೋಕೆ ನಿಮಗೆ ಬರಲ್ಲ, ಹುಳ ಅಂತೀರೋ ಮೀನು ಅಂತೀರೋ. ನನಗೆ ಅಷ್ಟು ಸಾಕು. ಹುಡುಗ ಬದುಕ್ತಾನೆ. ಅವನ ತಾಯಿಗೆ ಬೇಕಾದ್ದು ಅದೇ ಅಲ್ವಾ? ಮೇಲೆ ಹೋಗಿ ಕೇಳ್ಕೊಂಡು ಬರ್ತೀರಾ? ಅಷ್ಟು ಹೊತ್ತಿದ್ಯಾ ಅವನಿಗೆ?"

ಫೋನಿನೊಳಗಿಂದ ಸಣ್ಣ ದನಿ: "ಹಲೋ? ಸಾರ್?"

ಇಪ್ಪತ್ತು ವರ್ಷದ ಕೆಲಸದಲ್ಲಿ ಜಿಗಣೆ ಬೆದರಿಕೆ ಕೇಳಿದ್ದಳು, ಆಮಿಷ ಕೇಳಿದ್ದಳು. ಎರಡಕ್ಕೂ ಉತ್ತರ ಬಾಯಲ್ಲೇ ಇರುತ್ತಿತ್ತು. ಇದು ಬೆದರಿಕೆಯೋ ಆಮಿಷವೋ ಎಂದು ಅವಳಿಗೆ ತಿಳಿಯಲಿಲ್ಲ. ಕಣ್ಣ ಮುಂದೆ ಬಂದದ್ದು ಆ ಏದುಸಿರು.

ಅವಳು ಬ್ಲೀಚಿನ ಡಬ್ಬವನ್ನು ಎತ್ತಿ ಸಾಕಮ್ಮನ ಪಕ್ಕ ಇಟ್ಟಳು.

"ಸುರಿಯಮ್ಮ."

ಸಾಕಮ್ಮ ಅವಳನ್ನೇ ನೋಡಿದಳು. "ನೀವಾ ಹೇಳ್ತಿರೋದು?"

"ನಾನೇ. ಸತ್ತವಳು ವಾಪಸ್ ಬರಲ್ಲ. ಇವನು ಇನ್ನೂ ಉಸಿರಾಡ್ತಿದ್ದಾನೆ. ಸುರಿ."

"ಸುರಿದ್ರೆ ನೀನೂ ಉಳ್ಕೊಳ್ತೀಯಮ್ಮ," ಎಂದರು ಮುಖ್ಯಸ್ಥರು. "ಆ ಊಟ ಹಾಕಿದ ಕೈ ನಿಂದು. ಅದು ಉಳಿದ್ರೆ ಇಬ್ರೂ ಹೋಗ್ತೀವಿ."

ಸಾಕಮ್ಮ ಡಬ್ಬದ ಮುಚ್ಚಳದ ಮೇಲೆ ಕೈಯಿಟ್ಟಳು. ತಿರುಗಿಸಲಿಲ್ಲ. ಇನ್ನೊಂದು ಕೈಯಿಂದ ಕಪಾಟಿನ ಬಾಗಿಲನ್ನು ಪೂರ್ತಿ ತೆರೆದಳು. ಬೆಚ್ಚನೆಯ ಗಾಳಿ ಮೂವರ ಮುಖಕ್ಕೂ ಬಡಿಯಿತು.

"ಇವನೊಬ್ಬನೇ ಅಂದ್ಕೊಂಡ್ರಾ ಮೇಡಂ?"

ಮೇಲಿನ ಖಾನೆಯಲ್ಲಿ ಫ್ಲಾಸ್ಕುಗಳು, ಒಂದರ ಪಕ್ಕ ಒಂದು. ಕೆಳಗಿನ ಖಾನೆಯಲ್ಲೂ.

"ಇವೆಲ್ಲ ಆ ಊಟ ಉಂಡ ಮಕ್ಕಳ ಕೋಶಗಳು. ಆಮೇಲೆ ಬೇರೆ ಊಟಕ್ಕೆ ಹಾಕಿ ಇಟ್ಕೊಂಡಿದ್ದೀನಿ. ಎಲ್ಲರದ್ದೂ ಎರಡು ಪಾಲೂ ಒಂದೇ ಥರ ಬಂತು. ಎಲ್ಲರಿಗೂ ಬಗ್ಗಲ್ಲ ಅಂತ ಹೇಳಿ ಕಳಿಸಿದ್ದೀವಿ. ಯಾವ್ಯಾವ ಮನೇಲಿ ಮಾತ್ರೆ ನಿಲ್ಲಿಸಿ ಕೂತಿದ್ದಾರೋ ನಂಗೊತ್ತಿಲ್ಲ. ಯಾರ ಹುಬ್ಬು ಉದುರ್ತಿದೆಯೋ ಗೊತ್ತಿಲ್ಲ. ನಮ್ಮ ಪರೀಕ್ಷೆ ಸುಳ್ಳು ಅಂತ ಅವರಿಗೆ ಹೇಳ್ಬೇಕಂದ್ರೆ ನನ್ನ ಹತ್ರ ಇರೋದು ಅಜ್ಜಿ ಒಬ್ಬಳೇ."

ಜಿಗಣೆ ಸಾಲಿನಲ್ಲಿದ್ದ ಫ್ಲಾಸ್ಕುಗಳನ್ನು ಎಣಿಸತೊಡಗಿದಳು.

ಮುಖ್ಯಸ್ಥರ ಅಂಗೈಯ ಸಂದಿಯಿಂದ ವಾರ್ಡಿನ ಡಾಕ್ಟರ ದನಿ ಈಗ ಎಲ್ಲರಿಗೂ ಕೇಳುವಷ್ಟು ಏರಿತ್ತು. "ಸಾರ್, ಕೇಳಿಸ್ತಿದ್ಯಾ? ಮಗುಗೆ ಉಸಿರು ಸಿಕ್ತಾ ಇಲ್ಲ. ಏನು ಮಾಡ್ಲಿ? ಬೇಗ ಹೇಳಿ ಸಾರ್."

"ಕೇಳಿಸ್ತಾ?" ಎಂದರು ಮುಖ್ಯಸ್ಥರು. ಮೊದಲ ಬಾರಿಗೆ ಅವರ ದನಿ ನಡುಗಿತು. "ಸುರಿ!"

"ಸುರಿ," ಎಂದಳು ಜಿಗಣೆಯೂ, ಕಣ್ಣು ಮುಚ್ಚಿಕೊಂಡು.

ಸಾಕಮ್ಮ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಳು.

"ಫೋನು ನಿಮ್ಮ ಕೈಲಿದೆ ಸಾರ್. ಮಾತ್ರೆ ಕೊಡು ಅನ್ನೋಕೆ ಎರಡೇ ಮಾತು. ಅದನ್ನ ಹೇಳೋದೂ ಬಿಡೋದೂ ನಿಮ್ಮದು." ಅವಳು ಗೋಡೆಗೆ ಬೆನ್ನು ಕೊಟ್ಟಳು. "ಇದು ನನ್ನ ಕೈಲಿದೆ. ನಾನು ಸುರಿಯಲ್ಲ."